ಎಳೆದು ನೋಡಬೇಡಿ, ಬೇರು ಬಿಡಲಿ

ಇನ್ನು ನಾಲ್ಕೈದು ತಿಂಗಳಲ್ಲಿ ಟೈಲರಮ್ಮನ ಮನೆಯವರು ಬಾಡಿಗೆ ಮನೆ ಬಿಡಬೇಕಿತ್ತು. ಮಾಲೀಕರು ಅದನ್ನು ಕೆಡವಿ, ಅಂಗಳದ ದೇವಕಣಗಿಲೆ ಮರವನ್ನೂ ಕಡಿದು ಹೊಸದು ಕಟ್ಟುವವರಿದ್ದರು. ಟೈಲರಮ್ಮ ಒಪ್ಪಿದಳು, ಅವಳ ಗಂಡ ಒಪ್ಪಿದ. ಅತ್ತೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಈ ಮರ ಬಿಟ್ಟು ನಾನೆಲ್ಲಿಗೂ ಬರಲ್ಲ ಕಣೇ. ನೀವು ಹೋಗಿ."

ಅತ್ತೆಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಆ ಬಿಳಿ ಹೂವಿನ ಪರಿಮಳ ಬಂದರೆ ಮನೆ ಬಂತು ಎಂದರ್ಥ. ಟೈಲರಮ್ಮ ಅಕ್ಕಪಕ್ಕದವರ ಹತ್ತಿರವೆಲ್ಲ ಇದನ್ನೇ ಹೇಳಿಕೊಂಡಳು.

"ರೆಂಬೆ ನೆಟ್ರೆ ಬರುತ್ತಮ್ಮಾ," ಎಂದು ಎದುರುಮನೆ ಟೀಚರು ಹೇಳಿದ್ದೇ ತಡ, ಒಂದು ರೆಂಬೆ ಕತ್ತರಿಸಿ, ಹಾಲು ಸೋರುತ್ತಿದ್ದಂತೆಯೇ ಕುಂಡಕ್ಕೆ ಚುಚ್ಚಿ, ಚೊಂಬುಗಟ್ಟಲೆ ನೀರು ಸುರಿದಳು. ಅಷ್ಟಕ್ಕೇ ಬಿಟ್ಟಳೇ? ದಿನಾ ಬೆಳಿಗ್ಗೆ ಬೇರು ಬಂತೇ ಎಂದು ಎಳೆದು ನೋಡಿದಳು! ಹೊಲಿಗೆ ಗಟ್ಟಿಯಿದೆಯೇ ಎಂದು ಎಳೆದು ನೋಡದೆ ಯಾರಿಗೂ ಬಟ್ಟೆ ಕೊಟ್ಟವಳಲ್ಲ. ಕೈಯ ಅಭ್ಯಾಸ, ಎಲ್ಲಿ ಹೋದೀತು?

ರೆಂಬೆ ಕೊಳೆಯಿತು.

"ನೋಡಿ ಟೀಚರೇ, ನರ್ಸರಿ ಗಿಡಾನೇ ಸರಿ. ಇದೆಲ್ಲ ನಮ್ಮ ಕೈಲಾಗೋ ಕೆಲಸ ಅಲ್ಲ."

ಟೀಚರು ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ, ಪ್ರೀತಿಯಿಂದ್ಲೇ ಕೊಂದ್ಯಲ್ಲೇ! ಬಲಿತ ರೆಂಬೆ ಮೊಳದುದ್ದ ಕತ್ತರಿಸು, ಎಲೆ ತೆಗಿ. ಹಾಲು ಕಣ್ಣಿಗೆ ತಾಗದ ಹಾಗೆ ನೋಡ್ಕೋ. ಒಂದು ವಾರ ನೆರಳಲ್ಲಿಟ್ಟು ಕತ್ತರಿಸಿದ ಜಾಗ ಒಣಗಿಸು. ತೂತಿರೋ ಕುಂಡಕ್ಕೆ ಅರ್ಧ ಮಣ್ಣು, ಅರ್ಧ ಮರಳು ಹಾಕಿ ನೆಡು. ಮಣ್ಣು ಒಣಗಿದ್ರೆ ಮಾತ್ರ ನೀರು."

"ಬೇರು ಬಂದಿದ್ದು ಹೇಗೆ ಗೊತ್ತಾಗುತ್ತೆ?"

"ಸುಮ್ನಿದ್ರೆ ತಾನೇ ಚಿಗುರುತ್ತೆ, ಆಗ ಗೊತ್ತಾಗುತ್ತೆ! ಎಳೆದ್ರೆ ಎಳೇ ಬೇರು ಕಿತ್ತುಹೋಗುತ್ತೆ. ಎರಡು ತಿಂಗಳು ಮುಟ್ಬೇಡ, ತಾಯೀ."

ಟೈಲರಮ್ಮ ಮೂರು ರೆಂಬೆ ನೆಟ್ಟಳು. ಕೈ ತಡೆಯದಾದಾಗ ಹೊಲಿದಿಟ್ಟ ಅಂಗಿಗಳನ್ನೇ ಎಳೆಯುತ್ತಿದ್ದಳು. "ಹರಿದುಹೋದೀತು ಕಣೇ!" ಎಂದು ಗಂಡ ರೇಗಿಸುತ್ತಿದ್ದ. ಒಂದು ರೆಂಬೆ ಸತ್ತಿತು. ಎರಡು ಬೇರೂರಿ ಚಿಗುರಿದವು.

ಸಾಮಾನು ಲಾರಿಗೇರಿದ ದಿನವೂ ಅತ್ತೆ ಮರಕ್ಕೊರಗಿ ಕೂತೇ ಇದ್ದರು. ಟೈಲರಮ್ಮ ಕುಂಡ ತಂದು ಅವರ ಕೈಯನ್ನು ಚಿಗುರಿನ ಮೇಲಿಟ್ಟಳು.

"ಇದು ಅದರದ್ದೇ ಮಗು, ಅತ್ತೆ."

ಅತ್ತೆ ಒಂದೊಂದೇ ಎಲೆ ಸವರಿದರು. ಕೆನ್ನೆ ಒದ್ದೆಯಾಯಿತು. ಆಮೇಲೆ ಗದರಿದರು: "ಲಾರಿಯಲ್ಲಿಡ್ಬೇಡಿ, ಕುಲುಕುತ್ತೆ. ನನ್ನ ತೊಡೆ ಮೇಲಿಡಿ. ಹೂಂ, ನಡೀರಿ ಹೋಗೋಣ."

ನಿಮ್ಮ ಮನೆಯವರ ಜೀವವೂ ಯಾವುದೋ ಹೂಮರದ ಮೇಲಿದ್ದೀತು. ಎಲ್ಲ ಮರವೂ ರೆಂಬೆಯಿಂದ ಬರುವುದಿಲ್ಲ, ಬಲ್ಲವರನ್ನು ಕೇಳಿ. ಬರುವಂಥದಾದರೆ ಕೊಡಲಿ ಬೀಳುವವರೆಗೆ ಕಾಯಬೇಡಿ, ಇವತ್ತೇ ಎರಡು ರೆಂಬೆ ಕತ್ತರಿಸಿಡಿ. ನೆಟ್ಟ ಮೇಲೆ ಮಾತ್ರ, ದಮ್ಮಯ್ಯ, ಕೈಕಟ್ಟಿ ಕೂತಿರಿ.