ಒಂಬತ್ತು ಬಿಲ್ಲೆಗಳು

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಆಪರೇಷನ್ ಥಿಯೇಟರಿನ ಪರದೆಯ ಮೇಲೆ ಅಂಕಿ ಕೆಂಪಗೆ ಬಂತು: ಏಳು ಪಾಯಿಂಟ್ ಒಂದು. ತಂತ್ರಜ್ಞೆಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ತಪ್ಪು ಎರಡು ಮಿಲಿಮೀಟರ್ ದಾಟಿತೆಂದರೆ ಯಂತ್ರದ ಮಾತನ್ನು ಯಾರೂ ಕೇಳುವಂತಿಲ್ಲ. ಇಲ್ಲಿ ಏಳು.

ಮೇಜಿನ ಮೇಲೆ ಮೂವತ್ತರ ಆಸುಪಾಸಿನ ಗಂಡಸು ಬೋರಲಾಗಿ ಮಲಗಿದ್ದ. ಅರಿವಳಿಕೆ ಕೊಟ್ಟಾಗಿತ್ತು, ತಲೆಯನ್ನು ಉಕ್ಕಿನ ಹಿಡಿಕೆಯಲ್ಲಿ ಬಿಗಿದಾಗಿತ್ತು. ಬೋಳಿಸಿದ ತಲೆಗೆ ಅಂಗಿಯ ಗುಂಡಿಯಷ್ಟಗಲದ ಒಂಬತ್ತು ಬಿಲ್ಲೆ ಅಂಟಿಸಿದ್ದರು. ಹಿಂದಿನ ದಿನ ಸ್ಕ್ಯಾನ್ ಆದದ್ದು ಆ ಬಿಲ್ಲೆಗಳ ಸಮೇತ. ಈಗ ಅವಳು ಮೊನೆಯುಳ್ಳ ಕಡ್ಡಿಯಿಂದ ಒಂದೊಂದನ್ನೂ ಮುಟ್ಟುತ್ತ ಹೋಗಬೇಕು. ಕಡ್ಡಿಗೆ ಸಿಕ್ಕಿಸಿದ ಹೊಳೆಯುವ ಗೋಲಿಗಳನ್ನು ಕ್ಯಾಮೆರಾ ನೋಡುತ್ತದೆ. ಸ್ಕ್ಯಾನಿನ ಒಂಬತ್ತು ಚುಕ್ಕೆ, ತಲೆಯ ಒಂಬತ್ತು ಬಿಲ್ಲೆ ಒಂದರ ಮೇಲೊಂದು ಸರಿಯಾಗಿ ಕೂತರೆ, ಆಮೇಲೆ ಮಿದುಳಿನೊಳಗೆ ಮೊನೆ ಎಲ್ಲಿದೆ ಎಂಬುದನ್ನು ಪರದೆ ತೋರಿಸುತ್ತದೆ.

"ಏನು ಮಿಲಿಮೀಟರಮ್ಮ, ನಿಮ್ಮ ಗೂಬೆಗೆ ಇನ್ನೂ ನಿದ್ದೆ ಬಿಟ್ಟಿಲ್ವಾ?" ಎಂದರು ಸರ್ಜನ್, ತೊಳೆದ ಕೈಗಳನ್ನು ಎತ್ತಿ ಹಿಡಿದು ಬೆನ್ನಿನಿಂದ ಬಾಗಿಲು ತಳ್ಳುತ್ತ. ಎರಡು ಗುಂಡನೆಯ ಕಣ್ಣಿನ ಕ್ಯಾಮೆರಾಕ್ಕೆ ಥಿಯೇಟರಿನವರಿಟ್ಟ ಹೆಸರು ಗೂಬೆ. ಅವಳಿಗಿಟ್ಟದ್ದು ಮಿಲಿಮೀಟರಮ್ಮ.

"ಗೂಬೆ ಆಗಲೇ ಎದ್ದಿದೆ ಸರ್. ಅಳತೆ ನೋಡೇ ಒಳಗೆ ತಂದಿದ್ದು."

"ಇನ್ನೊಂದ್ಸಲ ನೋಡಿ."

ಅವಳು ಪರೀಕ್ಷೆಯ ಲೋಹದ ಹಲಗೆಯನ್ನು ತಂದಿಟ್ಟಳು. ಅದರ ಕುಳಿಯಲ್ಲಿ ಕಡ್ಡಿಯ ಮೊನೆಯೂರಿ, ಮೊನೆ ಅಲುಗದಂತೆ ಕಡ್ಡಿಯನ್ನು ನಾಲ್ಕೂ ಕಡೆಗೆ ವಾಲಿಸಿದಳು. ಉಳಿದ ಕುಳಿಗಳನ್ನೂ ಮುಟ್ಟಿದಳು. ಪಾಯಿಂಟ್ ಎರಡು. ಗೂಬೆಯದೂ ತಪ್ಪಿಲ್ಲ, ಕಡ್ಡಿಯದೂ ತಪ್ಪಿಲ್ಲ. ತನ್ನ ಯಂತ್ರವೇ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಜೀವಮಾನದಲ್ಲಿ ಮೊದಲ ಸಲ ಅನಿಸಿತು. ಕೆಟ್ಟದ್ದನ್ನು ತಿದ್ದಬಹುದು.

ಇಷ್ಟು ಹೊತ್ತು ಮೊನೆ ಮತ್ತು ಪರದೆ ಬಿಟ್ಟು ಬೇರೇನನ್ನೂ ನೋಡದಿದ್ದವಳು ಈಗ ಒಂದು ಹೆಜ್ಜೆ ಹಿಂದೆ ನಿಂತು ಇಡೀ ತಲೆಯನ್ನು ನೋಡಿದಳು. ಯಂತ್ರಕ್ಕೆ ಒಂದು ಇನ್ನೊಂದರಂತೆ ಕಾಣದಿರಲೆಂದು ನರ್ಸ್ ನಿನ್ನೆ ಬಿಲ್ಲೆಗಳನ್ನು ಬೇಕೆಂದೇ ಚೆಲ್ಲಾಪಿಲ್ಲಿಯಾಗಿ ಅಂಟಿಸಿ, ಸುತ್ತ ಮಸಿಯಲ್ಲಿ ಗೆರೆ ಎಳೆದಿದ್ದಳು. ಗೆರೆಗಳು ಮಾಯವಾಗಿದ್ದವು. ಬಿಲ್ಲೆಗಳು ಮೂರು ಸಾಲು, ಸಾಲಿಗೆ ಮೂರರಂತೆ, ಅಚ್ಚುಕಟ್ಟಾಗಿ ಕೂತಿದ್ದವು.

ಅವಳು ಹೊರಗೆ ಬರುತ್ತಿದ್ದಂತೆ ಬೆಂಚಿನಿಂದ ರೋಗಿಯ ಅಕ್ಕ ದಡಬಡಿಸಿ ಎದ್ದಳು. ಬಟ್ಟೆ ಹೊಲಿಯುವವಳು, ಬೆರಳತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು.

"ಮುಗೀತಾ?"

"ಇನ್ನೂ ಶುರುವಾಗಿಲ್ಲ ಅಕ್ಕ. ಒಂದು ಮಾತು ಕೇಳ್ಬೇಕಿತ್ತು. ತಲೆ ಮೇಲಿನ ಬಿಲ್ಲೆಗಳನ್ನ ಯಾರಾದ್ರೂ ಮುಟ್ಟಿದ್ರಾ?"

ಅಕ್ಕನ ಮುಖ ಅರಳಿತು. "ನಾನೇ ಕಣಮ್ಮ. ನಿನ್ನೆ ರಾತ್ರಿ ಇವನು ಕೆರೆತ ಕೆರೆತ ಅಂತ ಒದ್ದಾಡಿ, ದಿಂಬಿಗೆ ಉಜ್ಜಿ, ಎರಡು ಬಿದ್ದೇಹೋದ್ವು. ಬೀಳದ ಹಾಗೆ ನೋಡ್ಕೊಳ್ಳಿ ಅಂತ ನೀವೇ ಬಂದು ಹೇಳಿದ್ರಲ್ಲ, ನನಗೆ ಜೀವವೇ ಬಾಯಿಗೆ ಬಂತು. ಉಳಿದವೂ ಅಲ್ಲಾಡ್ತಿದ್ವು. ಎಲ್ಲಾ ತೆಗೆದು, ಜಿಡ್ಡು, ಮಸಿ ಒರೆಸಿ, ಮತ್ತೆ ಗಟ್ಟಿಯಾಗಿ ಅಂಟಿಸಿದೆ. ಅವರು ಹಾಕಿದ್ದು ಬಿಡಿ, ಒಂದು ಇಲ್ಲಿ, ಒಂದು ಅಲ್ಲಿ! ನಾನು ಟೇಪ್ ಹಿಡಿದೇ ಕೂರಿಸಿದ್ದು. ಇವನಿಗೋ ತಮಾಷೆ. 'ಅಕ್ಕಾ, ಗುಂಡಿ ಆಯ್ತು, ಕಾಜಾ ಯಾವಾಗ ಹೊಡೀತೀಯಾ' ಅಂತಾನೆ."

ನಗುತ್ತಿದ್ದವಳು ತಂತ್ರಜ್ಞೆಯ ಮುಖ ನೋಡಿದಳು. "ಯಾಕಮ್ಮ? ಬಿಗಿಯಾಗಿ ಕೂತಿವೆ ತಾನೆ?"

"ಕೂತಿವೆ ಅಕ್ಕ. ಒಂದೂ ಅಲ್ಲಾಡಿಲ್ಲ."



ಒಳಗೆ ಬಂದು ನಡೆದದ್ದನ್ನು ತಿಳಿಸಿದಳು. ಸರ್ಜನ್ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಎಬ್ಬಿಸಿ, ಇನ್ನೊಂದು ಸ್ಕ್ಯಾನ್ ಮಾಡಿ, ನಾಳೆ ಇಟ್ಕೊಂಡ್ರೆ ಸರ್?"

ಅರಿವಳಿಕೆಯ ಡಾಕ್ಟರು ಬೇಡವೆಂದು ತಲೆಯಾಡಿಸಿದರು. "ತಲೆಯೊಳಗೆ ನೀರಿನ ಒತ್ತಡ ಏರ್ತಾ ಇದೆ. ನಾಳೆವರೆಗೂ ಕಣ್ಣು ಉಳಿಯುತ್ತೋ ಇಲ್ವೋ. ಇವನನ್ನ ಎಬ್ಬಿಸಿ ಮತ್ತೆ ಮಲಗಿಸೋ ಧೈರ್ಯ ನನಗಿಲ್ಲ."

"ಮುಖದ ಮೇಲೆ ಕಡ್ಡಿ ಆಡಿಸಿ ಹೊಂದಿಸೋಕೆ ಆಗಲ್ವಾ?" ಸರ್ಜನ್ ಕೇಳಿದರು.

"ಬೋರಲು ಮಲಗಿದ್ದಾನೆ ಸರ್. ಮುಖವನ್ನ ಗೂಬೆಗೆ ಹೇಗೆ ತೋರಿಸಲಿ?"

ಸರ್ಜನ್ ಪರದೆಯಲ್ಲಿದ್ದ ಗಡ್ಡೆಯನ್ನು ತುಸು ಹೊತ್ತು ನೋಡಿದರು. ಅದರ ಒಂದು ಮೂಲೆ ಮಿದುಳುಕಾಂಡಕ್ಕೆ, ಉಸಿರನ್ನೂ ನುಂಗುವುದನ್ನೂ ನಡೆಸುವ ಜಾಗಕ್ಕೆ, ಆತುಕೊಂಡಿತ್ತು. "ಹಾಗಾದ್ರೆ ಗೂಬೆ ಬೇಡ. ಕಣ್ಣಿಗೆ ಕಂಡಷ್ಟು ತೆಗೀತೀನಿ. ಕಾಂಡದ ಹತ್ತಿರ ಅಂದಾಜಿನ ಮೇಲೆ ಕೈ ಹಾಕಲ್ಲ. ಅಲ್ಲಿ ಉಳಿದರೆ ಮತ್ತೆ ಬೆಳೆಯುತ್ತೆ. ಏನ್ಮಾಡೋಕಾಗುತ್ತೆ? ನೀವು ಹೋಗಿ, ಇರಬೇಕಾಗಿಲ್ಲ."

ಅವಳು ಹೋಗಲಿಲ್ಲ. ಕ್ಯಾಮೆರಾವನ್ನು ಗೋಡೆಗೆ ಸರಿಸಿ ಅದರ ಪಕ್ಕದಲ್ಲೇ ನಿಂತಳು. ಮೂಳೆ ಕೊರೆಯುವ ಸದ್ದು ನಿಂತಿತು. ಹೀರುವ ನಳಿಕೆಯ ಸದ್ದು ಶುರುವಾಯಿತು. ನಡುವೆ ಎರಡು ಸಲ ಸರ್ಜನ್ ಅಭ್ಯಾಸಬಲದಿಂದ ಕತ್ತೆತ್ತಿ ಪರದೆಯತ್ತ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಬಗ್ಗಿದರು. ಎರಡನೆಯ ಸಲ ಅಂಕಿ ಹೇಳಲೆಂದು ಅವಳ ಬಾಯಿ ತಾನೇ ತೆರೆದುಕೊಂಡಿತು.

ಮರುದಿನ ಮಧ್ಯಾಹ್ನ ಅಕ್ಕ ವಾರ್ಡಿನ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡಳು. "ಕಣ್ಣು ಬಿಟ್ಟ ಕಣಮ್ಮ! ಬಿಟ್ಟವನೇ ನೀರು ಕೇಳಿದ. ನರ್ಸಮ್ಮ ನಿಧಾನಕ್ಕೆ ಕುಡಿಸಿದ್ರು, ಸರಾಗವಾಗಿ ನುಂಗಿದ. ಬ್ಯಾಂಡೇಜ್ ಮುಟ್ಟಿ ನೋಡ್ಕೊಂಡು, 'ಹೊಲಿಗೆ ನಿನ್ನಷ್ಟು ಚೆನ್ನಾಗಿ ಹಾಕಿದ್ದಾರಾ' ಅಂತಾನೆ. ಎಲ್ಲಾ ತೆಗೆದ್ರು ತಾನೆ? ನೀವು ಒಳಗೇ ಇದ್ರಲ್ಲ."

"ಡಾಕ್ಟ್ರೇ ಬಂದು ಹೇಳ್ತಾರೆ ಅಕ್ಕ."

"ಅವರು ಹೇಳ್ಲಿ. ನೀವು ಹೇಳಿ."

"ಹೊಸ ಸ್ಕ್ಯಾನ್ ಈಗ ಬಂದಿದೆಯಂತೆ. ನೋಡ್ಬೇಕು."

ಅಕ್ಕ ಕೈ ಬಿಟ್ಟಳು. ಅಂಗೈಯ ಬೆವರು ತಂತ್ರಜ್ಞೆಯ ಕೈಗೂ ಅಂಟಿತ್ತು. ಅದನ್ನು ಒರೆಸಿಕೊಳ್ಳದೆ ತನ್ನ ಕೋಣೆಗೆ ಹೋಗಿ ಕೂತು, ಚಿತ್ರಗಳನ್ನು ಒಂದೊಂದೇ ಪದರವಾಗಿ ಕೆಳಗಿಳಿಸುತ್ತ ಹೋದಳು. ಗಡ್ಡೆಯಿದ್ದ ಜಾಗ ಕಪ್ಪಾಗಿ ಖಾಲಿಯಾಗಿತ್ತು. ಇನ್ನೊಂದು ಪದರ, ಅದೂ ಖಾಲಿ. ಅದರ ಕೆಳಗೆ, ಕಾಂಡಕ್ಕೆ ಒತ್ತಿಕೊಂಡು, ಗಡ್ಡೆಯ ಒಂದು ಬಿಳಿಯ ಚೂರು ಕಂಡಿತು. ಅದರ ಒಂದು ಅಂಚಿನಲ್ಲಿ ಗುರುತಿಟ್ಟು ಇನ್ನೊಂದು ಅಂಚಿಗೆ ಗೆರೆ ಎಳೆದಳು. ಕಿಟಕಿಯ ಆಚೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋಗುವ ಸದ್ದು ಕೇಳಿಸಿ ಅಡಗಿತು. ಗೆರೆಯ ಪಕ್ಕದಲ್ಲಿ ಅಂಕಿ ಮೂಡಿತು.

ಹನ್ನೊಂದು ಪಾಯಿಂಟ್ ನಾಲ್ಕು ಮಿಲಿಮೀಟರ್.