ಬಣ್ಣದಜ್ಜನಿಗೆ ಹಲ್ಲು ಕಟ್ಟಿದ್ದು

ಬಚ್ಚಲಲ್ಲಿ ಸೋಪು ಇರಬೇಕಾದ ಜಾಗದಲ್ಲಿ ಒಂದು ದವಡೆ ಹಲ್ಲು ಕೂತಿರುತ್ತಿತ್ತು. ಗುಬ್ಬಿ ಅನ್ನುವ ಹುಡುಗಿ ಹಲ್ಲಿನ ಡಾಕ್ಟರಿಕೆ ಓದಲು ಪರದೇಶಕ್ಕೆ ಬಂದಮೇಲೆ ಆ ಮನೆಗೆ ತಂದ ಸೋಪೆಲ್ಲದರ ಗತಿಯೂ ಇದೇ. ಕಾಲೇಜಿನಲ್ಲಿ ಮೇಣದಲ್ಲಿ ಹಲ್ಲು ಕೆತ್ತುವುದನ್ನು ಕಲಿಸಿದ್ದರು, ಕೈ ಪಳಗಲಿ ಅಂತ ಇವಳು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಕೆತ್ತುತ್ತಿದ್ದಳು. ಜೊತೆಗಿದ್ದ ಅಕ್ಕ ಸ್ವಂತ ಅಕ್ಕ ಅಲ್ಲ. ನಮ್ಮ ಭಾಷೆಯವಳೇ, ಸೇತುವೆ ಕಟ್ಟುವ ಎಂಜಿನಿಯರಿಂಗ್ ಓದುತ್ತಿದ್ದವಳು, ವಯಸ್ಸಿಗೆ ಸ್ವಲ್ಪ ದೊಡ್ಡವಳು ಅಂತ ಅಕ್ಕ. ಅವಳು ಒಂದು ಬೆಳಿಗ್ಗೆ ಒದ್ದೆ ಮುಖದಲ್ಲೇ ಆಚೆ ಬಂದು, ಲೋಕದವರೆಲ್ಲ ಹಲ್ಲುಜ್ಜಿಕೊಂಡು ಹೊರಡ್ತಾರೆ, ನನ್ನ ಹಣೆಬರಹಕ್ಕೆ ನಾನು ಹಲ್ಲಲ್ಲೇ ಮುಖ ಉಜ್ಜಿಕೊಂಡು ಹೊರಡಬೇಕು ಅಂತ ಗೊಣಗಿದಳು.

ಇಬ್ಬರದೂ ಚೆನ್ನಾಗಿಯೇ ನಡೆದಿತ್ತು. ಮೇಲಿನ ಮಹಡಿಯ ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ. ಅದರ ಕಿಟಕಿಯಿಂದ ಬಸ್‌ಸ್ಟಾಪು ಕಾಣುತ್ತಿತ್ತು. ಬಸ್ಸು ತಿರುವಿನಲ್ಲಿ ಕಂಡ ಮೇಲೆ ಮೆಟ್ಟಿಲಿಳಿಯಲು ಶುರು ಮಾಡಿದರೂ ಸಿಗುತ್ತದೆ ಅನ್ನುವುದು ಗುಬ್ಬಿಯ ಲೆಕ್ಕ; ವಾರಕ್ಕೊಮ್ಮೆ ಆ ಲೆಕ್ಕ ತಪ್ಪುತ್ತಿತ್ತು. ಒಬ್ಬಳು ಅನ್ನ ಮಾಡಿದರೆ ಇನ್ನೊಬ್ಬಳು ಪಾತ್ರೆ ತೊಳೆಯಬೇಕು. ಗುಬ್ಬಿಯ ಬಿಳಿ ಕೋಟಿನಿಂದ, ಕೂದಲಿನಿಂದ, ಕೊನೆಗೆ ಅವಳು ಮಾಡಿದ ಅನ್ನದಿಂದಲೂ ಮೇಣದ ವಾಸನೆ ಬರುತ್ತದೆ ಅಂತ ಅಕ್ಕನ ದೂರು. ಅನ್ನ ಮಾತ್ರ ತಳ ಕೆರೆದು ತಿನ್ನುತ್ತಿದ್ದಳು.

ತೊಂದರೆ ಶುರುವಾದದ್ದು ಕೊನೆಯ ವರ್ಷ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೂ ಹಲ್ಲಿಲ್ಲದ ಒಬ್ಬರಿಗೆ ಪೂರ್ತಿ ಸೆಟ್ಟು ಕಟ್ಟಿಕೊಡಬೇಕು. ಆ ಸೆಟ್ಟು ಹಾಕಿಕೊಂಡು ಅವರು ಮೇಡಂ ಮುಂದೆ ಸರಿಯಾಗಿ ಕಚ್ಚಿ ತೋರಿಸಬೇಕು. ಕಚ್ಚಿದರೆ ಪಾಸು, ಇಲ್ಲವಾದರೆ ಇಡೀ ವರ್ಷ ಮೊದಲಿನಿಂದ. ಗುಬ್ಬಿಯ ಪಾಲಿಗೆ ಬಂದವನು ಬಣ್ಣದಜ್ಜ. ಜೀವಮಾನವೆಲ್ಲ ಮನೆಗಳಿಗೆ ಬಣ್ಣ ಬಳಿದ ಮನುಷ್ಯ, ಕೆಲಸ ಬಿಟ್ಟು ವರ್ಷಗಳಾದರೂ ಉಗುರಿನ ಸಂದಿಯಲ್ಲಿ ಬಣ್ಣ ಉಳಿದಿತ್ತು. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ, ಮಾತು ಮಾತ್ರ ಬೇಕಾದಷ್ಟಿತ್ತು.

ಹಲ್ಲು ಕಟ್ಟುವುದರಲ್ಲಿ ಕಷ್ಟದ್ದು ಹಲ್ಲಲ್ಲ, ಕಚ್ಚು, ಅಂದರೆ ಮೇಲಿನ ಕೆಳಗಿನ ದವಡೆ ಒಂದಕ್ಕೊಂದು ಕೂಡುವ ರೀತಿ. ಬೋಳು ಒಸಡಿನ ಮೇಲೆ ಮೇಣದ ಪುಟ್ಟ ಕಟ್ಟೆ ಕೂರಿಸಿ, ಮೇಣ ಮೆತ್ತಗಿರುವಾಗಲೇ ಬಾಯಿ ಮುಚ್ಚಿಸಬೇಕು. ಕೆಳದವಡೆ ಆರಾಮವಾಗಿ ಹಿಂದಕ್ಕೆ ಹೋಗಿ ಎಲ್ಲಿ ಕೂರುತ್ತದೋ ಅದು ಅದರ ಜಾಗ. ಆ ಗುರುತು ನೋಡಿಕೊಂಡು ಆಮೇಲೆ ಹಲ್ಲು ಜೋಡಿಸುವುದು. ಮೇಣ ಆರಿತೋ, ದವಡೆ ಮುಂದೆ ಬಂತೋ, ಎಲ್ಲಾ ಕೆಟ್ಟಿತು.

ಗುಬ್ಬಿ ಉರಿಯ ಮೇಲೆ ಮೇಣ ಕಾಯಿಸಿಕೊಂಡು ತಿರುಗಿದರೆ ಬಣ್ಣದಜ್ಜ ಕಥೆಯ ಮಧ್ಯದಲ್ಲಿರುತ್ತಿದ್ದ. ಅವನೊಬ್ಬ ದೊಡ್ಡ ಸಾಹುಕಾರನ ಮನೆಗೆ ಬಣ್ಣ ಬಳಿಯಲು ಹೋಗಿದ್ದು, ಸಾಹುಕಾರ ಮಹಾ ಸಿಡುಕ, ಏಣಿ ಹಳೆಯದು, ಮೇಲಿನ ಮೆಟ್ಟಿಲಿಗೆ ಹಸಿರು ಬಣ್ಣದ ಡಬ್ಬ ತಗುಲಿಹಾಕಿದ್ದು. ಗುಬ್ಬಿ ಮೇಣ ಹಿಡಿದು ನಿಂತೇ ಇರುತ್ತಿದ್ದಳು. ಅವಳು ಬೆಳೆದ ಮನೆ ಹಾಗಿತ್ತು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ತಾತ ಎಷ್ಟು ಗಟ್ಟಿಯಾಗಿ ಕಲಿಸಿದ್ದರೆಂದರೆ, ಬಂದವರು ಮಾತು ಮುಗಿಸಲಿ ಅಂತ ಇವಳು ಕಾಫಿ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದು, ಕೊನೆಗೆ ಅವರು ಕೆನೆಗಟ್ಟಿದ ತಣ್ಣನೆ ಕಾಫಿ ಕುಡಿದು ಹೋಗಿದ್ದು, ಆ ಮನೆಯಲ್ಲಿ ಮಾಮೂಲು. ಇಲ್ಲಿ ಕಾಫಿಯ ಬದಲು ಮೇಣ ಆರುತ್ತಿತ್ತು. ಬಣ್ಣದಜ್ಜ ಉಸಿರೆಳೆದುಕೊಂಡಾಗ ಗುಬ್ಬಿ ಅರ್ಧ ಆರಿದ್ದನ್ನು ಗಡಿಬಿಡಿಯಲ್ಲಿ ಬಾಯಿಗಿಟ್ಟು, ತಮಗೆ ತೊಂದರೆಯಿಲ್ಲದಿದ್ದರೆ ದಯವಿಟ್ಟು ಸ್ವಲ್ಪ ಕಚ್ಚುತ್ತೀರಾ ಅಂತ ಆ ಊರಿನ ಭಾಷೆಯಲ್ಲಿ ಕೇಳುತ್ತಿದ್ದಳು. ಪಾಪ ಹುಡುಗಿ ಇಷ್ಟು ಕೇಳ್ತಿದಾಳೆ ಅಂತ ಅವನೂ ನಗುನಗುತ್ತಾ, ಇರುವ ದವಡೆಯನ್ನೆಲ್ಲ ಮುಂದೆ ತಂದು ಕಚ್ಚಿ ತೋರಿಸುತ್ತಿದ್ದ.

ಮೊದಲ ಸಲ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡಿದಾಗ ಮೇಲಿನ ಹಲ್ಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಮೇಡಂ ಒಳ್ಳೆಯವರು, ಕೂಗಾಡುವವರಲ್ಲ. ಅದಕ್ಕೇ ಹೆದರಿಕೆ ಜಾಸ್ತಿ. ಬಗ್ಗಿ ನೋಡಿ, ನೆಟ್ಟಗೆ ನಿಂತು, "ಜೋಡಣೆ ಚೆನ್ನಾಗಿದೆ. ಆದರೆ ಇದು ಯಾರ ಬಾಯಿಗೆ?" ಅಂದರು.

ಎರಡನೆಯ ಸಲ ಕಥೆ ಡಬ್ಬ ಜಾರುವವರೆಗೂ ಬಂತು, ಕಚ್ಚು ಮತ್ತೆ ಅಲ್ಲೇ ಕೆಟ್ಟಿತು. ಈ ಸಲ ಮೇಡಂ, ಮುಂದಿನ ವಾರ ಒಂದು ಅವಕಾಶ ಇದೆ, ಅದಾದಮೇಲೆ ನನ್ನ ಕೈಲೂ ಇಲ್ಲ ಅಂದು ಪಕ್ಕದ ಕುರ್ಚಿಗೆ ಹೋದರು.

ಮನೆಗೆ ಬಂದು ಗುಬ್ಬಿ ಊಟ ಬೇಡ ಅಂದಳು. ಅಕ್ಕ ವಿಷಯ ಕೇಳಿಕೊಂಡು, ಇಷ್ಟೇ ತಾನೆ, ಬಾಯಿ ಮುಚ್ಚಿ ಅಂದರಾಯಿತು, ಬಾ ಅಭ್ಯಾಸ ಮಾಡು ಅಂತ ಕುರ್ಚಿ ಎಳೆದು, ಟವೆಲ್ಲನ್ನು ಕತ್ತಿಗೆ ಸಿಕ್ಕಿಸಿಕೊಂಡು ಬಣ್ಣದಜ್ಜನಾಗಿ ಕೂತಳು. ಕೂತು ಸೇತುವೆಯ ಕಂಬದ ಬಗ್ಗೆ ಕೊರೆಯತೊಡಗಿದಳು. ಗುಬ್ಬಿ ತಟಕ್ಕನೆ, ಬಾಯಿ ಮುಚ್ಚೇ ಸಾಕು ಅಂದಳು. ನೋಡು, ಎಷ್ಟು ಸಲೀಸಾಗಿ ಬಂತು ಅಂದಳು ಅಕ್ಕ. ನಿನಗಾದರೆ ಬರುತ್ತೆ, ಅವರು ದೊಡ್ಡವರು ಅಂದಳು ಗುಬ್ಬಿ. ಹಾಗಾದರೆ ನನ್ನನ್ನು ಅಕ್ಕ ಅಂತ ಯಾವ ಸುಖಕ್ಕೆ ಕರೀತೀಯ ಅಂತ ಅಕ್ಕ ಟವೆಲ್ ಕಿತ್ತು ಎಸೆದಳು. ಅಭ್ಯಾಸ ಅಲ್ಲಿಗೆ ಮುಗಿಯಿತು. ಇಬ್ಬರೂ ಅನ್ನ ಬಡಿಸಿಕೊಂಡರು.

ಭಾನುವಾರ ಅಜ್ಜಿ ಫೋನಿನಲ್ಲಿ ಸಿಕ್ಕಳು. ಅಜ್ಜಿ ಫೋನು ಹಿಡಿಯುವ ರೀತಿಗೆ ಪರದೆಯಲ್ಲಿ ಬರೀ ಹಣೆ, ಕುಂಕುಮ ಮತ್ತು ಮೇಲಿನ ಫ್ಯಾನು ಕಾಣುತ್ತಿದ್ದವು. ಅಜ್ಜಿಗೂ ಕಟ್ಟಿಸಿದ ಹಲ್ಲಿತ್ತು, ಆದರೆ ಅದು ಯಾವಾಗಲೂ ದೇವರ ಗೂಡಿನ ಪಕ್ಕ ಸ್ಟೀಲ್ ಲೋಟದಲ್ಲಿ ಮುಳುಗಿರುತ್ತಿತ್ತು. ಮದುವೆ ಮನೆಯಲ್ಲಿ ಫೋಟೋಕ್ಕೆ ಹಾಕಿಕೊಂಡು, ಊಟಕ್ಕೆ ಕೂರುವಾಗ ತೆಗೆದು ಸೆರಗಿಗೆ ಕಟ್ಟಿಕೊಳ್ಳುವುದು ಅವಳ ಪದ್ಧತಿ. ಬಣ್ಣದಜ್ಜನ ವಿಷಯವನ್ನೆಲ್ಲ ಕೇಳಿ ಅಜ್ಜಿ ಆ ಲೋಟದ ಕಡೆ ತಿರುಗಿದಳು. ಪರದೆಯಲ್ಲಿ ಫ್ಯಾನು ಒಂದೇ ಉಳಿಯಿತು.

"ನಂದೂ ಹಂಗೇ ಆಗಿದ್ದು ಕಣೇ," ಅಂದಳು. "ಅಷ್ಟು ದೊಡ್ಡ ಡಾಕ್ಟ್ರು, ನಿಂತ್ಕೊಂಡು 'ಕಚ್ಚಿ ಅಮ್ಮಾ' ಅಂದ್ರು. ಚೆನ್ನಾಗಿ ಕಚ್ತಾ ಇದೀನಿ ಅಂತ ಅವರಿಗೆ ಕಾಣಲಿ ಅಂತ ನಾನು ದವಡೆ ಮುಂದಕ್ಕೆ ತಂದೆ. ಸರಿ ಹೋಯ್ತಾ ಅಂದ್ರು. ಹೂಂ ಅಂದೆ. ಡಾಕ್ಟ್ರಿಗೆ ಮರ್ಯಾದೆ ಕೊಟ್ಟೆ, ಹಲ್ಲು ಲೋಟಕ್ಕೆ ಬಿತ್ತು."

"ಇಷ್ಟು ವರ್ಷ ಯಾರಿಗೂ ಹೇಳಲೇ ಇಲ್ವಲ್ಲ ಅಜ್ಜಿ."

"ಹೇಳಿ ಏನು, ಅವರ ಮನಸ್ಸು ನೋಯಿಸೋದು. ಈಗ ನೀನು ಹೇಳು. ಆ ಯಜಮಾನ್ರಿಗೂ ಮರ್ಯಾದೆ ಮಾಡಿ ಕೈಗೊಂದು ಲೋಟ ಕೊಡ್ತೀಯಾ?"

ಮುಂದಿನ ವಾರ ಗುಬ್ಬಿ ಬಸ್ಸಿಗೆ ಓಡಲಿಲ್ಲ, ಮೊದಲೇ ಹೋಗಿ ಸ್ಟಾಪಿನಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಆ ಊರಿನ ಭಾಷೆಯಲ್ಲಿ ಒಂದು ವಾಕ್ಯ ಜೋಡಿಸಿಕೊಂಡಳು: ಮೇಣ ಮೆತ್ತಗಿರುವಷ್ಟು ಹೊತ್ತು ತಾವು ಮಾತಾಡದಿದ್ದರೆ ಬಹಳ ಉಪಕಾರವಾಗುತ್ತದೆ. ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಕುರ್ಚಿಯ ಪಕ್ಕ ನಿಂತು ಮೇಣ ಕಾಯಿಸಿ ತಿರುಗಿದಳು. ಬಣ್ಣದಜ್ಜ ಆಗಲೇ ಏಣಿ ಹತ್ತಿಯಾಗಿತ್ತು. ಡಬ್ಬ ವಾಲಿತ್ತು. ಅವನು ಎರಡೂ ಕೈ ಮೇಲೆತ್ತಿ ಅದು ಬೀಳುವುದನ್ನು ತೋರಿಸುತ್ತಿದ್ದ, ಕೆಳಗೆ ನೋಡ್ತೀನಿ, ಕೆಳಗೆ ಯಾರು ನಿಂತಿರಬೇಕು ಹೇಳಿ ಡಾಕ್ಟ್ರಮ್ಮಾ, ಅಂತ. ಗುಬ್ಬಿಗೂ ಅದು ನಿಜವಾಗಿ ಬೇಕಿತ್ತು, ಮೂರು ಸಲದಿಂದ ಕಾಯುತ್ತಿದ್ದಳು. ಆದರೆ ಬೆರಳ ತುದಿಯಲ್ಲಿ ಮೇಣ ಬಿಗಿಯುತ್ತಿರುವುದು ಗೊತ್ತಾಗುತ್ತಿತ್ತು. ಜೋಡಿಸಿಟ್ಟಿದ್ದ ವಾಕ್ಯದ ಒಂದು ಪದವೂ ನೆನಪಿಗೆ ಬರಲಿಲ್ಲ.

"ಅಜ್ಜಾ, ಮೊದಲು ಬಾಯಿ ಮುಚ್ಚು."

ಅಚ್ಚ ಕನ್ನಡದಲ್ಲಿ, ಅದೂ ಮನೆಯ ತಾತನಿಗೂ ಎಂದೂ ಹೇಳದ ಏಕವಚನದಲ್ಲಿ. ಬಣ್ಣದಜ್ಜನಿಗೆ ಕನ್ನಡ ಎಲ್ಲಿಂದ ಬರಬೇಕು, ಆದರೂ ಅವನ ಕೈ ಕೆಳಗಿಳಿಯಿತು. ಗುಬ್ಬಿ ಮೇಣದ ಕಟ್ಟೆ ಕೂರಿಸಿದಳು. ಅವನು ನಗಲಿಲ್ಲ, ಕಚ್ಚಿ ತೋರಿಸಲೂ ಹೋಗಲಿಲ್ಲ. ಬೈಸಿಕೊಂಡವರು ಮುಚ್ಚುವಂತೆ ಸುಮ್ಮನೆ ಬಾಯಿ ಮುಚ್ಚಿದ. ದವಡೆ ತಾನೇ ತಾನಾಗಿ ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಮೇಣ ಆರುವವರೆಗೂ ಅವನು ದವಡೆ ಅಲ್ಲಾಡಿಸಲಿಲ್ಲ.

ಬಾಯಿಂದ ಮೇಣ ತೆಗೆದಮೇಲೆ ಅವನು ಕೇಳಿದ್ದು ಒಂದೇ, ಆಗ ಏನು ಹೇಳಿದಿರಿ ಅಂತ. ಗುಬ್ಬಿ ಕೆಂಪಾಗಿ, ಇದ್ದದ್ದನ್ನು ಇದ್ದ ಹಾಗೇ ಅವನ ಭಾಷೆಗೆ ತಿರುಗಿಸಿದಳು. ಅವನು ಬೋಳು ಒಸಡು ಪೂರ್ತಿ ಕಾಣುವಂತೆ ನಕ್ಕ. ಮನೆಯಲ್ಲಿ ಮಗಳು ದಿನಾ ಇದನ್ನೇ ಹೇಳುತ್ತಾಳಂತೆ, ಅವಳು ಹೇಳಿದರೆ ಮಾತ್ರ ಕೇಳಿಸುವುದಿಲ್ಲವಂತೆ. ನಿಮ್ಮ ಭಾಷೆಯಲ್ಲಿ ಹೇಳೋದನ್ನ ಅವಳಿಗೂ ಕಲಿಸಿಬಿಡಬೇಡಿ ಅಂತ ಕೈ ಮುಗಿದ ಹಾಗೆ ಮಾಡಿದ.

ಪರೀಕ್ಷೆಯ ದಿನ ಮೇಡಂ ಹೊಸ ಸೆಟ್ಟನ್ನು ಅವನ ಬಾಯಿಗಿಟ್ಟು, ಮೇಲಿನ ಕೆಳಗಿನ ಹಲ್ಲಿನ ಮಧ್ಯೆ ತೆಳು ಕಾಗದದ ಪಟ್ಟಿ ತೂರಿಸಿ ಕಚ್ಚಿಸಿದರು. ಎಳೆದರು. ಕಾಗದ ಬರಲಿಲ್ಲ. ಆ ಕಡೆಯೂ ಎಳೆದರು, ಅಲ್ಲೂ ಬರಲಿಲ್ಲ. ಕೈಗವಸು ಕಳಚುತ್ತಾ, "ಈಗ ಇದು ಇವರ ಬಾಯಿ," ಅಂದು ಸಹಿ ಹಾಕಿದರು.

ಗುಬ್ಬಿ ಮೆಸೇಜು ಕಳಿಸಲು ಫೋನು ತೆಗೆದವಳು ಮತ್ತೆ ಜೇಬಿಗೆ ಹಾಕಿದಳು. ಸ್ಟೂಲು ಎಳೆದುಕೊಂಡು ಬಣ್ಣದಜ್ಜನ ಮುಂದೆ ಕೂತಳು.

"ಈಗ ಹೇಳಿ. ಡಬ್ಬ ಬಿತ್ತಲ್ಲ, ಕೆಳಗೆ ಯಾರಿದ್ದರು?"

ಕೆಳಗೆ ಸಾಹುಕಾರನ ನಾಯಿ ಇತ್ತಂತೆ. ಹಾಲಿನಂಥ ಬಿಳಿ ನಾಯಿ, ಮೂತಿಯಿಂದ ಬಾಲದವರೆಗೂ ಹಸಿರಾಯಿತಂತೆ. ತಿಕ್ಕಿದರೂ ಹೋಗಲಿಲ್ಲ. ಅಷ್ಟರಲ್ಲಿ ಸಾಹುಕಾರ ಬಂದ, ನೋಡಿದ, ಇದ್ಯಾವ ಬೀದಿನಾಯಿ ನನ್ನ ಅಂಗಳದಲ್ಲಿ ಅಂತ ಅಟ್ಟಿಬಿಟ್ಟ. ನಿಮ್ಮದೇ ಸ್ವಾಮಿ ಅನ್ನಲು ಇವನಿಗೆ ಧೈರ್ಯ ಸಾಲಲಿಲ್ಲ. ಸಂಜೆ ಏಣಿ ಹೊತ್ತುಕೊಂಡು ಹೊರಟರೆ ನಾಯಿ ಹಿಂದೆಯೇ ಬಂತು. ಹೊಸ ಹಲ್ಲಿನಲ್ಲಿ ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸುತ್ತಿತ್ತು. ಪಕ್ಕದ ಕುರ್ಚಿಯ ಹತ್ತಿರ ಮೇಡಂ ಕೈಕೆಲಸ ನಿಲ್ಲಿಸಿ ನಿಂತಿದ್ದರು.

"ಬಣ್ಣ ಹೋಗಿ ಮತ್ತೆ ಬೆಳ್ಳಗಾದ ಮೇಲೆ?" ಅಂದಳು ಗುಬ್ಬಿ. "ವಾಪಸ್ಸು ಹೋಗಲಿಲ್ವಾ?"

"ಒಂದ್ಸಲ ಹೋಗಿ ಎಲ್ಲರನ್ನೂ ಮೂಸಿ ನೋಡ್ಕೊಂಡು ಬಂತು," ಅಂದ ಬಣ್ಣದಜ್ಜ. "ಅಷ್ಟೊತ್ತಿಗೆ ನಮ್ಮನೆ ಅನ್ನ ರೂಢಿಯಾಗಿತ್ತು."