ಪಂಚೆಯಂಚಿನ ಸದ್ದು

ವಿಘ್ನೇಶ್ ಲೋಹ ಪತ್ತೆಹಚ್ಚುವ ಯಂತ್ರವನ್ನು ತೆರೆದ ಶವಪೆಟ್ಟಿಗೆಯ ಮೇಲೆ ತಲೆಯಿಂದ ಕೆಳಕ್ಕೆ ನಿಧಾನವಾಗಿ ಆಡಿಸುತ್ತಿದ್ದ. ಒಳಗೆ ಲೋಹ ಇರಕೂಡದೆಂದು ಯೋಕೋಹಾಮಾದ ಚಿತಾಗಾರದವರು ಎರಡು ಸಲ ಹೇಳಿದ್ದರು. ಶ್ರೀಕಂಠನ ಜೇಬುಗಳಿಂದ ಇಪ್ಪತ್ತೈದು ವರ್ಷ ತುಕ್ಕು ಝಾಡಿಸಿದ ವಿಶಾಲಾಕ್ಷಿಗೆ ಆ ವಿಷಯದಲ್ಲಿ ಗಂಡನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದಕ್ಕೇ ಅವನ ಜೊತೆ ಯಂತ್ರ ಹಿಡಿದು ಕಡಲತೀರ ಸುತ್ತುತ್ತಿದ್ದ ಈ ಸಹೋದ್ಯೋಗಿಯನ್ನು ಕರೆಸಿದ್ದಳು.

ಪಾದದ ಬಳಿ ಯಂತ್ರ ಕೂಗಿತು. ಪಕ್ಕದ ಕೋಣೆಯಿಂದ ಮಗು ಕರೆದ ಹಾಗೆ.

"ಎಂಬತ್ತೇಳು ತೋರಿಸ್ತಿದೆ," ಎಂದ ವಿಘ್ನೇಶ್ ಯಂತ್ರದ ಪರದೆ ನೋಡಿ. "ಸಿಲ್ವರ್ ನಂಬರ್ ಆಂಟಿ. ಪಂಚೆ ಅಂಚಲ್ಲಿ..."

ಆ ಪಂಚೆ ಶ್ರೀಕಂಠನೇ ತೆಗೆದಿಟ್ಟದ್ದು. ಕೊನೆಗೆ ಇದನ್ನೇ ಉಡಿಸು ಎಂದು ಆಸ್ಪತ್ರೆಯಲ್ಲಿ ಹೇಳಿದ್ದ. ವಿಶಾಲಾಕ್ಷಿ ಬಾಗಿ ನೋಡಿದಳು. ಗುಂಡಿ ಹಚ್ಚಲೂ ಬಾರದ ಗಂಡಸಿನ ಒರಟು ಹೊಲಿಗೆ. ಬೆರಳಿಟ್ಟರೆ ಬಟ್ಟೆಯೊಳಗೆ ಸಣ್ಣ ಸಣ್ಣ ಮಣಿಗಳು.

*

ಇಪ್ಪತ್ತಾರು ವರ್ಷಗಳ ಹಿಂದೆ ಮಿಯುರಾ ಕಡಲತೀರದಲ್ಲಿ ಅಲೆಯೊಂದು ಅವರ ನಾಲ್ಕು ವರ್ಷದ ಮಗಳು ತಾರಾಳನ್ನು ಎಳೆದುಕೊಂಡು ಹೋಯಿತು. ದೇಹ ಸಿಗಲಿಲ್ಲ. ಕಾಲಲ್ಲಿ ಬೆಳ್ಳಿ ಗೆಜ್ಜೆಯಿತ್ತು.

ಮರುತಿಂಗಳೇ ಶ್ರೀಕಂಠ ಹಳೆಯ ಯಂತ್ರವೊಂದನ್ನು ಕೊಂಡ. ಕೇಳಿದವರಿಗೆಲ್ಲ ಹವ್ಯಾಸ ಎಂದ. ಆಗಿನ ಯಂತ್ರಕ್ಕೆ ಪರದೆಯಿಲ್ಲ, ಸಂಖ್ಯೆಯಿಲ್ಲ. ಮೊಳೆಗೂ ಬೆಳ್ಳಿಗೂ ಒಂದೇ ಗುಂಯ್. ಅಗೆದೇ ನೋಡಬೇಕು. ಒಮ್ಮೆ ಹೆಡ್‌ಫೋನನ್ನು ಹೆಂಡತಿಯ ಕಿವಿಗಿಟ್ಟ. ಮರಳಿನಡಿಯಿಂದ ಯಾರೋ ಒಂದೇ ಸಮನೆ ಅಳುವುದು ಕೇಳಿಸಿ ಅವಳು ಅದನ್ನು ಕಿತ್ತೆಸೆದಳು.

"ಗೆಜ್ಜೆ ಸಿಕ್ಕರೂ ನಂಗೆ ಹೇಳ್ಬೇಡಿ," ಎಂದಿದ್ದಳು. "ಸಿಗೋವರೆಗೂ ಅವಳು ಎಲ್ಲೋ ಇದಾಳೆ."

ಯಾರೋ ಬೆಸ್ತರು ಎತ್ತಿಕೊಂಡು ಸಾಕಿರಬಹುದೆಂದು ಪ್ರತಿ ಹುಟ್ಟುಹಬ್ಬಕ್ಕೂ ಒಂದು ಅಂಗಿ ಹೊಲಿದಿಡುತ್ತಿದ್ದಳು, ವರ್ಷವರ್ಷಕ್ಕೂ ಅಳತೆ ಹೆಚ್ಚಿಸುತ್ತ. ಹುಚ್ಚೆಂದು ಅವಳಿಗೂ ಗೊತ್ತಿತ್ತು.

*

"ಯಾವಾಗ ಸಿಕ್ತು?" ಪಂಚೆಯಂಚಿನಿಂದ ಬೆರಳು ತೆಗೆಯದೆ ವಿಶಾಲಾಕ್ಷಿ ಕೇಳಿದಳು.

"ಎರಡು ವರ್ಷ ಆಯ್ತು ಆಂಟಿ. ಈ ಹೊಸ ಮಷೀನಲ್ಲೇ. ನಿಮಗೆ ಹೇಳ್ಬಾರ್ದು ಅಂತ ಪ್ರಾಮಿಸ್ ಮಾಡಿಸ್ಕೊಂಡ್ರು. ಆಮೇಲೂ ಪ್ರತಿ ಸಂಡೇ ಬರ್ತಿದ್ರು. ಆನ್ ಮಾಡ್ತಾನೇ ಇರ್ಲಿಲ್ಲ, ಸುಮ್ನೆ ಹಿಡ್ಕೊಂಡು ನಡೀತಿದ್ರು."

ಎರಡು ವರ್ಷ ಅವನು ತನಗಾಗಿ ಹುಡುಕುವ ನಟನೆ ಮಾಡಿದ್ದನೆಂದು ತಿಳಿದು ವಿಶಾಲಾಕ್ಷಿಗೆ ಗಂಡನ ಮೇಲೆ ಕೋಪವೂ ಬಂತು, ಅಳುವೂ ಬಂತು. ಚಿತಾಗಾರದ ಸಿಬ್ಬಂದಿಯೊಬ್ಬ ಬಂದು ಲೋಹವೇನಾದರೂ ಇದೆಯೇ ಎಂದು ಮತ್ತೆ ಕೇಳಿದ.

"ಏನೂ ಇಲ್ಲ," ಎಂದಳು.

ಒಂದು ಗಂಟೆಯ ನಂತರ ಕುಲುಮೆಯಿಂದ ಬೂದಿಯ ತಟ್ಟೆ ಹೊರಬಂತು. ಇಲ್ಲಿನ ಪದ್ಧತಿಯಂತೆ ಅವಳೂ ವಿಘ್ನೇಶನೂ ಉದ್ದದ ಬಿದಿರು ಕಡ್ಡಿಗಳಲ್ಲಿ ಪಾದದ ಕಡೆಯಿಂದ ಮೂಳೆ ಎತ್ತಿ ಅಸ್ಥಿಯ ದೊಡ್ಡ ಮಡಕೆಗೆ ಹಾಕತೊಡಗಿದರು. ಹಿಮ್ಮಡಿಯ ಬೂದಿಯಲ್ಲಿ ಹುಣಸೆಬೀಜದಷ್ಟು ಬೆಳ್ಳಿ ಕರಗಿ ಗಟ್ಟಿಯಾಗಿತ್ತು.

"ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಸಿಬ್ಬಂದಿ ಅದನ್ನು ತೆಗೆದುಹಾಕಲು ಕೈ ಚಾಚಿದ.

ವಿಶಾಲಾಕ್ಷಿ ತಡೆದಳು. "ಅದು ನನ್ನ ಮಗಳು," ಎಂದಳು ಜಪಾನೀಸಿನಲ್ಲಿ.

ಅವನು ಚಾಚಿದ ಕೈ ಹಿಂತೆಗೆದುಕೊಂಡ. "ವಯಸ್ಸು?" ಎಂದು ಮೆಲ್ಲಗೆ ಕೇಳಿದ.

ಮೂವತ್ತು ಎನ್ನಹೊರಟ ವಿಶಾಲಾಕ್ಷಿ ತಡೆದುಕೊಂಡಳು.

"ನಾಲ್ಕು."

ಅವನು ಬಾಗಿ ವಂದಿಸಿ ಒಳಗೆ ಹೋದ. ಅಂಗೈಯಲ್ಲಿ ಹಿಡಿಸುವಷ್ಟು ಬಿಳಿಯ ಮಡಕೆಯೊಂದನ್ನು ತಂದು ದೊಡ್ಡದರ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದ.